ಸುಣ್ಣದ ಗುರುತು

ನಮ್ಮ ಪಿ.ಟಿ. ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಸುದ್ದಿ ಕೇಳಿದ ಕೂಡಲೇ, ನನ್ನ ಹಿಮ್ಮಡಿಗೆ ಸುಣ್ಣದ ಪುಡಿ ಮೆತ್ತಿಕೊಂಡಿದ್ದ ಒಂದು ಸಂಜೆ ಕಣ್ಣೆದುರು ಬಂತು.

ಕೊರಿಯಾದ ಸಮರಕಲೆ ಟೇಕ್ವಾಂಡೋದಲ್ಲಿ ಸರ್ ಕಲಿಸುತ್ತಿದ್ದ, ಹೊಡೆತ-ತಡೆಗಳನ್ನು ಗೊತ್ತಾದ ಕ್ರಮದಲ್ಲಿ ಮಾಡುವ ಪ್ಯಾಟರ್ನ್‌ಗಳನ್ನು ಹೊರಟ ಜಾಗದಲ್ಲೇ ಮುಗಿಸಬೇಕು. ಅದಕ್ಕೇ ಮೈದಾನದ ಮಣ್ಣಿನ ಮೇಲೆ ಒಬ್ಬೊಬ್ಬರಿಗೂ ಸುಣ್ಣದ ಗುರುತು ಹಾಕುತ್ತಿದ್ದರು. ಮೊದಲನೆಯದು ಚೊನ್‌ಜಿ, 19 ಚಲನೆ. "ಚೊನ್ ಅಂದ್ರೆ ಆಕಾಶ, ಜಿ ಅಂದ್ರೆ ಭೂಮಿ. ಲೋಕ ಹುಟ್ಟಿದ್ದನ್ನ ಕೈಕಾಲಲ್ಲಿ ಹೇಳ್ತಿದ್ದೀಯ, ಗಡಿಬಿಡಿ ಮಾಡಬೇಡ" ಅನ್ನುತ್ತಿದ್ದರು. ನಾನು ಮಾತ್ರ ಪ್ರತಿ ಸಲ ಒಂದಡಿ ಮುಂದೆ ಬಂದು ನಿಲ್ಲುತ್ತಿದ್ದೆ. ಆ ಸಂಜೆ ಸರ್ ಅತ್ತ ತಿರುಗಿದಾಗ ಹಳೇ ಗುರುತನ್ನು ಕಾಲಲ್ಲಿ ಒರೆಸಿ, ಆ ಪುಡಿಯನ್ನೇ ನಾನಿದ್ದಲ್ಲಿಗೆ ಎಳೆದುಕೊಂಡೆ. ಸರ್ ಬಂದರು, ಗುರುತು ನೋಡಿದರು, "ಕಾಲೆತ್ತು" ಅಂದರು. ಹಿಮ್ಮಡಿ ಬೆಳ್ಳಗಿತ್ತು. ಬೈಯಲಿಲ್ಲ, ಹೊಡೆಯಲಿಲ್ಲ. ಕತ್ತಲಾಗುವವರೆಗೂ ನನ್ನ ಜೊತೆ ತಾವೂ ಚೊನ್‌ಜಿ ಮಾಡಿದರು.

ಅರ್ಥ ಹೇಳದೆ ಅವರು ಒಂದು ಪ್ಯಾಟರ್ನನ್ನೂ ಕಲಿಸಿದವರಲ್ಲ. ಯುಲ್‌ಗೋಕ್‌ನಲ್ಲಿ 38 ಚಲನೆ ಯಾಕೆ ಎಂದು ಹೇಳಲು ಸ್ಟಾಫ್ ರೂಮಿನಿಂದ ಭೂಪಟ ತಂದು, ಆ ಹೆಸರಿನ ಕೊರಿಯಾದ ತತ್ವಜ್ಞಾನಿ ಹುಟ್ಟಿದ 38ನೇ ಅಕ್ಷಾಂಶದ ಮೇಲೆ ನಮ್ಮ ಬೆರಳಿಡಿಸಿದ್ದರು. ಜೂಂಗ್‌ಗುನ್‌ನ 32 ಚಲನೆ, 1910ರಲ್ಲಿ ಜಪಾನಿಯರು ಗಲ್ಲಿಗೇರಿಸಿದ ಸ್ವಾತಂತ್ರ್ಯ ಹೋರಾಟಗಾರ ಆನ್ ಜೂಂಗ್‌ಗುನ್‌ನ ವಯಸ್ಸು, ಕೊರಿಯಾದವರ ಲೆಕ್ಕದಲ್ಲಿ. ಚೂಂಗ್‌ಮೂ ಹೇಳುವಾಗ ಸರ್ ದನಿ ತಗ್ಗುತ್ತಿತ್ತು. ಅದು ಆಮೆಹಡಗುಗಳೆಂಬ, ಮೇಲೆ ಚಿಪ್ಪಿನಂಥ ಹೊದಿಕೆಯಿದ್ದ ಯುದ್ಧನೌಕೆಗಳ ನೌಕಾಧಿಪತಿ ಯಿ ಸುನ್‌ಸಿನ್‌ನ ಹೆಸರಿನದು. 1598ರ ಕದನದಲ್ಲಿ ಮಡಿದ ಆತನಿಗೆ ರಾಜನಿಷ್ಠೆಯ ಕಟ್ಟಿನಿಂದಾಗಿ ತನ್ನ ಸಾಮರ್ಥ್ಯವನ್ನು ಪೂರ್ತಿ ತೋರಿಸಲು ಅವಕಾಶವೇ ಸಿಗಲಿಲ್ಲವೆಂದು ಆ ಪ್ಯಾಟರ್ನ್ ಎಡಗೈ ಹೊಡೆತದಲ್ಲಿ ಮುಗಿಯುತ್ತದೆ. ಎಂಟನೇ ಕ್ಲಾಸಿನ ಹುಡುಗರು ಅದನ್ನು ಕೇಳಿ ಅರ್ಧ ನಿಮಿಷ ಮಾತಿಲ್ಲದೆ ನಿಂತಿದ್ದೆವು.

ಆ ವರ್ಷದ ಬೀಜಗಣಿತ ಒಂದಿಷ್ಟೂ ಉಳಿದಿಲ್ಲ. ಪ್ಯಾಟರ್ನ್‌ಗಳ ಅರ್ಥ ಮಾತ್ರ ಇವತ್ತಿಗೂ ತಡವರಿಸದೆ ಹೇಳುತ್ತೇನೆ, ಆ ಹೆಮ್ಮೆ ನನಗಿದೆ. ಈಗ ಮಕ್ಕಳಿಗೆ ಬೆಲ್ಟ್ ಬೇಗ ಬರುತ್ತದೆ, ಸರ್ಟಿಫಿಕೇಟೂ ಬರುತ್ತದೆ. ನನ್ನ ಅಣ್ಣನ ಮಗ ಹಸಿರು ಬೆಲ್ಟಿನವನು. ದಾನ್‌ಗುನ್ ಯಾರು ಎಂದರೆ "ಅದು 21 ಮೂವ್ಸ್ ಚಿಕ್ಕಪ್ಪ" ಎಂದ. ಮನಸ್ಸಿಗೆ ನೋವಾಯಿತು. ಕೊರಿಯಾ ದೇಶ ಕಟ್ಟಿದನೆಂದು ಅಲ್ಲಿಯವರು ನಂಬುವ ಮೂಲಪುರುಷ ಕಣೋ ಅವನು ಎಂದು ಕೂರಿಸಿಕೊಂಡು ಹೇಳಿದೆ.

ಸರ್ ತಿಥಿಯ ದಿನ ನಾವು ಏಳು ಜನ ಮೈದಾನಕ್ಕೆ ಹೋದೆವು. ಅಲ್ಲೀಗ ಸಿಮೆಂಟ್ ಕಲ್ಲು ಹಾಸಿದ್ದಾರೆ, ಸುಣ್ಣ ನಿಲ್ಲುವುದಿಲ್ಲ. ಚಪ್ಪಲಿ ಬಿಟ್ಟು, ಅವನ್ನೇ ಗುರುತಾಗಿಟ್ಟುಕೊಂಡು ಚೊನ್‌ಜಿ ಶುರುಮಾಡಿದೆವು.