ಪಾರೆಯ ಮೇಲೆ ಪೇಂಟ್‌ಬಾಲ್: ನಮ್ಮ ನೆಲಕ್ಕೊಂದು ಶೂ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಗೆಳೆಯರೊಬ್ಬರ ಗೇರುತೋಪಿನಲ್ಲಿ ನಾವು ಪೇಂಟ್‌ಬಾಲ್ ಆಡುತ್ತೇವೆ. ಬಣ್ಣ ತುಂಬಿದ ಸಣ್ಣ ಗುಂಡುಗಳನ್ನು ಎದುರಾಳಿಗೆ ಹೊಡೆಯುವ ಆಟ ಇದು. ಗುಂಡು ಹಾರಿಸುವ ಮಾರ್ಕರ್, ಮಾಸ್ಕ್ ಎಲ್ಲ ಬಾಡಿಗೆಗೆ ಬರುತ್ತವೆ. ಶೂ ಮಾತ್ರ ಅವರವರದ್ದೇ. ಈ ಜಾಗಕ್ಕೆ ಸರಿಹೊಂದುವ ಒಂದು ಜೋಡಿ ಮಾಡಿಕೊಳ್ಳುವ ಕೆಲಸ ಮಳೆಗಾಲದಿಂದ ನಡೆಯುತ್ತಿದೆ. ಇಲ್ಲಿವರೆಗೆ ಆದದ್ದನ್ನು ಬರೆದಿಡುತ್ತಿದ್ದೇನೆ.

ಮಳೆಗಾಲ: ಏನು ಹಾಕಬೇಕು?

ಪೇಂಟ್‌ಬಾಲಿಗೆ ಯಾವ ಶೂ ಅಂತ ಕೇಳಿದರೆ ಎರಡು ಉತ್ತರ ಬರುತ್ತವೆ. ಎತ್ತರದ ಬೂಟ್ ಹಾಕಿ ಅನ್ನುವವರು ಕೆಲವರು, ಫುಟ್‌ಬಾಲ್ ಸ್ಟಡ್ (ತಳದಲ್ಲಿ ಮೊಳೆಯಂತೆ ಚಾಚಿದ ಗುಬುಟು ಇರುವ ಶೂ) ಹಾಕಿ ಅನ್ನುವವರು ಕೆಲವರು. ಅವರವರ ನೆಲಕ್ಕೆ ಎರಡೂ ಸರಿಯೇ. 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ 12 ಮಂದಿ ಮೊದಲ ಆಟ ಆಡಿದ್ದು ಕಾಡಿನಲ್ಲಿ. ಕೈಯಲ್ಲಿದ್ದದ್ದು ಮರಗಳಿಗೆ ಗುರುತು ಹಾಕುವ ಬಣ್ಣದ ಪಿಸ್ತೂಲು. ಕಾಡಿಗೆ ಬೂಟ್ ಬೇಕಾಯಿತು. ಆಮೇಲೆ ಗಾಳಿ ತುಂಬಿದ ಬಂಕರ್, ಅಂದರೆ ಮರೆಯಾಗಿ ನಿಲ್ಲುವ ಅಡ್ಡಗಳನ್ನು ಇಟ್ಟು ಹುಲ್ಲಿನ ಮೈದಾನದಲ್ಲಿ ಆಡುವ ಸ್ಪೀಡ್‌ಬಾಲ್ ಬಂತು. ಹುಲ್ಲಿಗೆ ಸ್ಟಡ್ ಸರಿಹೋಯಿತು.

ನಮ್ಮದು ಎರಡೂ ಅಲ್ಲ. ಅರ್ಧ ಜಾಗ ಗೇರಿನ ತರಗೆಲೆ, ಇನ್ನರ್ಧ ಪಾರೆ, ಅಂದರೆ ಬಯಲಾಗಿ ಹರಡಿದ ಮುರಕಲ್ಲಿನ (ಲ್ಯಾಟರೈಟ್) ಹಾಸು. ಬಿಸಿಲು ಗಾಳಿಗೆ ತೆರೆದುಕೊಂಡ ಮುರಕಲ್ಲು ಗಟ್ಟಿಯಾಗಿ, ಮೈತುಂಬ ಗುಳಿ ಬಿದ್ದು, ಗುಳಿಯ ಅಂಚು ಕತ್ತಿಯ ಹಾಗೆ ಹರಿತವಾಗಿರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಜೂನ್ ಕಳೆಯುವಷ್ಟರಲ್ಲಿ ಪಾರೆಯ ಮೇಲೆ ಕಪ್ಪು ಪಾಚಿ ಹಿಡಿದಿರುತ್ತದೆ. ಬೇಸಿಗೆಯಲ್ಲಿ ಪಾಚಿ ಒಣಗಿ ಹೋಗುತ್ತದೆ, ಆದರೆ ಅದೇ ಕಲ್ಲಿನಿಂದ ಉದುರಿದ ಉರುಟು ಜಲ್ಲಿ ಕಾಲಡಿ ಉರುಳುತ್ತದೆ. ಇವೆರಡರ ಮೇಲೂ ನಿಲ್ಲುವ ಸೋಲ್ ಬೇಕು. ಶೂ ಎಷ್ಟು ಎತ್ತರ, ನೋಡಲು ಹೇಗಿದೆ ಅನ್ನುವುದೆಲ್ಲ ಅದರ ನಂತರ.

ಆಟದಲ್ಲಿ ಪಾದ ಮಾಡುವ ಕೆಲಸ

ಒಂದು ಆದಿತ್ಯವಾರ ನಾನು ಆಡದೆ ಬದಿಯಲ್ಲಿ ಕುಳಿತು ಎಲ್ಲರ ಕಾಲನ್ನೇ ನೋಡಿದೆ. ನೇರ ಓಡುವುದು ತೀರ ಕಡಿಮೆ. ಬಂಕರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಒಂದು ಮಂಡಿ ಊರುತ್ತಾರೆ, ಆಗ ಹಿಂದಿನ ಪಾದ ಬೆರಳಿನ ಬುಡದಲ್ಲಿ ಪೂರ್ತಿ ಮಡಚುತ್ತದೆ. ಬದಿಗೆ ಇಣುಕುತ್ತಾರೆ, ಆಗ ಇಡೀ ಮೈಭಾರ ಹೆಬ್ಬೆರಳಿನ ಒಳಅಂಚಿಗೆ ಬರುತ್ತದೆ. ಮುಂದಿನ ಬಂಕರಿಗೆ ಜಿಗಿಯುವುದೂ ಅದೇ ಅಂಚಿನಿಂದ.

ಇಷ್ಟು ನೋಡಿದ ಮೇಲೆ ಎತ್ತರದ ಬೂಟಿನ ಆಸೆ ಬಿಟ್ಟೆ. ಗಟ್ಟಿ ಬೂಟ್ ಕಣಕಾಲನ್ನು ಹಿಡಿದಿಡುತ್ತದೆ, ಕುಕ್ಕರಗಾಲಿನಲ್ಲಿ ಕೂರಲು ಬಿಡುವುದಿಲ್ಲ. ತೂಕವೂ ಜಾಸ್ತಿ. ಪ್ರತಿ ಶೂಗೆ 100 ಗ್ರಾಂ ಸೇರಿದರೆ ಓಟದ ಶ್ರಮ ಸುಮಾರು ಶೇ. 1 ಹೆಚ್ಚುತ್ತದೆ. ಮಳೆಗಾಲದಲ್ಲಿ ವಾಟರ್‌ಪ್ರೂಫ್ ಬೂಟ್ ಇನ್ನೂ ಕಷ್ಟ. ನೀರು ಮೇಲಿಂದ ಒಳಗೆ ಹೋದರೆ ಹೊರಗೆ ಬರುವ ದಾರಿಯೇ ಇಲ್ಲ.

ಕಲ್ಲಿನ ಮೇಲೆ ಪರೀಕ್ಷೆ

ಮನೆ ಹಿಂದೆ ಉಳಿದಿದ್ದ ಪಾಚಿ ಹಿಡಿದ ಮುರಕಲ್ಲನ್ನು ಹಲಗೆಯ ಮೇಲಿಟ್ಟು, ಅದರ ಮೇಲೆ ಶೂ ಇಟ್ಟು, ಒಳಗೆ ಮರಳಿನ ಚೀಲ ತುಂಬಿ, ಹಲಗೆಯನ್ನು ನಿಧಾನ ಎತ್ತುವುದು. ಶೂ ಜಾರಿದ ಕೋನವನ್ನು ಮೊಬೈಲಿನಲ್ಲಿ ನೋಡುವುದು. ಕೋನ ದೊಡ್ಡದಾದಷ್ಟೂ ಹಿಡಿತ ಜಾಸ್ತಿ. ಇಷ್ಟೇ ಪರೀಕ್ಷೆ. ತುಂಬ ಉಪಯೋಗವಾಯಿತು.

ಗಟ್ಟಿ ಪ್ಲಾಸ್ಟಿಕ್ ಸ್ಟಡ್ ಎಲ್ಲಕ್ಕಿಂತ ಮೊದಲು ಜಾರಿತು. ಹುಲ್ಲಿನಲ್ಲಿ ಅದು ಮಣ್ಣಿಗೆ ಇಳಿದು ಹಿಡಿಯುತ್ತದೆ. ಕಲ್ಲಿಗೆ ಇಳಿಯಲು ಆಗುವುದಿಲ್ಲ, ಹಾಗಾಗಿ ತಾಗುವುದು ನಾಲ್ಕಾರು ಬಿಂದು ಮಾತ್ರ. ಕಬ್ಬಿಣದ ಸ್ಟಡ್ ಬೇಡವೇ ಬೇಡ. ಅದು ಬೇರೆಯವರ ಕಾಲಿಗೂ ಅಪಾಯ, ಎಷ್ಟೋ ಪೇಂಟ್‌ಬಾಲ್ ಮೈದಾನಗಳಲ್ಲಿ ಬಿಡುವುದೂ ಇಲ್ಲ. ಚೆನ್ನಾಗಿ ನಿಂತದ್ದು ಟರ್ಫ್ ಶೂ, ಅಂದರೆ ತಳದ ತುಂಬ ಸಣ್ಣ ಸಣ್ಣ ರಬ್ಬರ್ ಗುಬುಟು ಇರುವಂಥದ್ದು. ಮೆತ್ತನೆ ರಬ್ಬರ್ ಕಲ್ಲಿನ ಗುಳಿಯ ಆಕಾರಕ್ಕೆ ಬಾಗುತ್ತದೆ. ನಮ್ಮ ಕಡೆ ತಂಡಕ್ಕೆ ಏಳು ಮಂದಿ ಆಡುವ ಸೆವೆನ್ಸ್ ಫುಟ್‌ಬಾಲಿನ ಹುಚ್ಚು ಇರುವುದರಿಂದ ಟರ್ಫ್ ಶೂ ಸಿಗುವುದೇನೂ ಕಷ್ಟವಲ್ಲ.

ಒಡೆದ ಗುಂಡಿನ ಬಣ್ಣ ಸವರಿ ಮತ್ತೆ ನೋಡಿದೆ. ಇದು ಮುಖ್ಯ. ಗುಂಡಿನ ಸಿಪ್ಪೆ ಜೆಲಟಿನ್, ಒಳಗಿರುವುದು ಹೆಚ್ಚಾಗಿ ಪಾಲಿಎಥಿಲೀನ್ ಗ್ಲೈಕಾಲ್. ನೀರಿನಲ್ಲಿ ಕರಗುತ್ತದೆ, ಹಾಗಾಗಿ ತೊಳೆಯುವುದು ಸುಲಭ. ಆದರೆ ಕಾಲಡಿ ಬಿದ್ದರೆ ಚೆನ್ನಾಗಿ ಜಾರುತ್ತದೆ. ಗುಬುಟುಗಳ ನಡುವೆ ಜಾಗ ಕಡಿಮೆ ಇರುವ ಸೋಲ್‌ನಲ್ಲಿ ಅದು ತುಂಬಿಕೊಂಡು ಕೂತುಬಿಡುತ್ತದೆ, ಮಣ್ಣು ಕೂರುವ ಹಾಗೆಯೇ. ಆದ್ದರಿಂದ ಹೆಬ್ಬೆರಳಿನ ಒಳಅಂಚಿನ ಕಡೆ ಸಾಲು ಬಿಟ್ಟು ಸಾಲು ಗುಬುಟು ಕತ್ತರಿಸಿದೆ. ಅಂಚಿನ ಸಾಲನ್ನು ಹಾಗೆಯೇ ಉಳಿಸಿದೆ. ಬಣ್ಣ ಹೊರಗೆ ಹೋಗಲು ಕಾಲುವೆ ಆಯಿತು, ಹಿಡಿಯುವ ಅಂಚೂ ಉಳಿಯಿತು. ಮರುದಿನ ಅದೇ ಕಲ್ಲಿನ ಮೇಲೆ ಕತ್ತರಿಸಿದ ಶೂ, ಕತ್ತರಿಸದ ಶೂ ಎರಡನ್ನೂ ಇಟ್ಟು ಹಲಗೆ ಎತ್ತಿದರೆ ಕತ್ತರಿಸಿದ್ದೇ ಹೆಚ್ಚು ಹೊತ್ತು ನಿಂತಿತು. ತುಂಬ ಖುಷಿಯಾಯಿತು.

ಮುಂಭಾಗದ ಕವಚ

ಮಂಡಿ ಊರಿದಾಗಲೆಲ್ಲ ಶೂವಿನ ಮೂತಿ ಕಲ್ಲಿಗೆ ಉಜ್ಜುತ್ತದೆ. ಬಟ್ಟೆಯ ಮೂತಿ ಬಹಳ ದಿನ ಬಾಳುವುದಿಲ್ಲ. ಬಲೆಯಂಥ ಬಟ್ಟೆಯಾದರೆ ನಾಚಿಕೆಮುಳ್ಳು ನೇರ ಬೆರಳಿಗೇ ಚುಚ್ಚುತ್ತದೆ. ಹಾಗಾಗಿ ಅಲ್ಲಿಗೆ ರಬ್ಬರ್ ಹೊದಿಕೆ.

ತಮ್ಮ ಹೊಗೆಮನೆಯಲ್ಲಿ (ರಬ್ಬರ್ ಶೀಟ್ ಹೊಗೆ ಹಾಕಿ ಒಣಗಿಸುವ ಕೋಣೆ) ರಬ್ಬರ್ ಶೀಟ್ ರಾಶಿ ಇದೆ, ಅದನ್ನೇ ಅಂಟಿಸು ಅಂತ ಮಾವ ಅಂದರು. ಅದು ಆಗುವುದಿಲ್ಲ. ಗಂಧಕ ಸೇರಿಸಿ ಬೇಯಿಸದ ರಬ್ಬರ್ ಬಿಸಿಲಿಗೆ ಮೆತ್ತಗಾಗಿ ಅಂಟುತ್ತದೆ, ಎಳೆದರೆ ಮೊದಲಿನ ಆಕಾರಕ್ಕೆ ಸರಿಯಾಗಿ ಬರುವುದಿಲ್ಲ. ಕೊನೆಗೆ ಪೇಟೆಯ ಚಪ್ಪಲಿ ಹೊಲಿಯುವವರ ಹತ್ತಿರ ಹೋದೆ. ಅವರು ಶೂವನ್ನು ತಿರುಗಿಸಿ ಮುರುಗಿಸಿ ನೋಡಿ, ಬೆರಳಿನ ಬುಡದಲ್ಲಿ ಮಡಚಿ, "ಇಲ್ಲಿ ಬರೀ ಗೋಂದು ಸಾಕಾಗುದಿಲ್ಲ, ಹೊಲಿಗೆ ಬೇಕು. ಮಡಚುವ ಗೆರೆಗಿಂತ ಎರಡು ಬೆರಳು ಮೊದಲೇ ನಿಲ್ಲಿಸಬೇಕು" ಅಂದರು. ಮಡಚುವ ಕಡೆ ಹೊಲಿಗೆ ಬಂದರೆ ಅಲ್ಲೇ ಹರಿಯುತ್ತದಂತೆ. ನನ್ನ ಚಿತ್ರದಲ್ಲಿ ಕವಚ ಉದ್ದ ಇತ್ತು. ಅವರು ಸೀಮೆಸುಣ್ಣದಲ್ಲಿ ಹೊಸ ಗೆರೆ ಎಳೆದರು. ಆ ಗೆರೆಯೇ ಈಗ ನಮ್ಮ ವಿನ್ಯಾಸ.

ಅಂಟಿಸುವ ರೀತಿಯನ್ನೂ ಅವರೇ ತೋರಿಸಿದರು. ಎರಡೂ ಮೈಯನ್ನು ಉಜ್ಜುಕಾಗದದಿಂದ ಒರಟು ಮಾಡಬೇಕು. ಎರಡಕ್ಕೂ ಅಂಟು ಸವರಿ, ಮುಟ್ಟಿದರೆ ಬೆರಳಿಗೆ ಹಿಡಿಯದಷ್ಟು ಒಣಗಲು ಬಿಡಬೇಕು. ಆಮೇಲೆ ಒತ್ತಿ, ಸುತ್ತಿಗೆಯಿಂದ ತಟ್ಟಬೇಕು. ಮೇಣ ಹಚ್ಚಿದ ನೈಲಾನ್ ದಾರದ ಹೊಲಿಗೆ ಕೊನೆಗೆ.

ಈಗ ಎಲ್ಲಿದೆ

ಕಣಕಾಲಿನ ಗಂಟಿಗೆ ಫೋಮ್ ಇಟ್ಟ ಬಟ್ಟೆಯ ಪಟ್ಟಿ ಹೊಲಿಸಿದೆ. 3 ಗ್ರಾಂ ಗುಂಡು ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ ಸುಮಾರು 12 ಜೂಲ್. ಗಂಟಿನ ಎಲುಬಿಗೆ ಬಿದ್ದರೆ ಕಣ್ಣಲ್ಲಿ ನೀರು. ಪಟ್ಟಿಯ ಮೇಲ್ತುದಿಗೆ ಎಲಾಸ್ಟಿಕ್ ಇದೆ, ಒತ್ತಾದ ನೇಯ್ಗೆಯ ಬಟ್ಟೆಯಾದ್ದರಿಂದ ಇಂಬಳ (ಜಿಗಣೆ) ಒಳಗೆ ನುಗ್ಗುವುದಿಲ್ಲ. ಲೇಸನ್ನೂ ಅದೇ ಮುಚ್ಚುತ್ತದೆ. ಹಾವಿಗೆ ಮಾತ್ರ ಇದು ರಕ್ಷಣೆ ಅಂತ ಯಾರೂ ಅಂದುಕೊಳ್ಳಬಾರದು. ಆಟಕ್ಕೆ ಮುಂಚೆ ಬಂಕರ್ ಸುತ್ತಿನ ತರಗೆಲೆ ಉದ್ದ ಕೋಲಿನಿಂದ ಸರಿಸಿ ನೋಡುವುದನ್ನು ನಾವು ತಪ್ಪಿಸುವುದಿಲ್ಲ.

ನೀರು ಇಳಿಯಲು ಎರಡೂ ಬದಿಯಲ್ಲಿ, ಸೋಲ್‌ಗಿಂತ ಸ್ವಲ್ಪ ಮೇಲೆ, ಹಿತ್ತಾಳೆಯ ಕಣ್ಣು ಹಾಕಿಸಿದೆ. ಬಕೆಟಿನಲ್ಲಿ ಮುಳುಗಿಸಿ ಎತ್ತಿ ನಡೆದರೆ ಕೆಲವೇ ಹೆಜ್ಜೆಯಲ್ಲಿ ನೀರು ಹೋಗುತ್ತದೆ. ಒಳಸೋಲ್ ಬೇಗ ಒಣಗುವುದಿಲ್ಲ, ಅದಕ್ಕೆ ಬಿಚ್ಚಿ ತೆಗೆಯುವಂಥದ್ದೇ ಬೇಕು.

ಉಳಿದಿರುವ ಪ್ರಶ್ನೆ ಸವೆತದ್ದು. ಮೆತ್ತನೆ ರಬ್ಬರ್ ಹಿಡಿಯುತ್ತದೆ, ಆದರೆ ಮುರಕಲ್ಲು ಅದನ್ನು ತಿನ್ನುತ್ತದೆ. ಬಲಗಾಲಿನ ಒಳಅಂಚಿನ ಗುಬುಟು ಈಗಾಗಲೇ ಉಳಿದವಕ್ಕಿಂತ ಗಿಡ್ಡವಾಗಿದೆ. ಆ ಅಂಚಿಗೆ ಮಾತ್ರ ಸ್ವಲ್ಪ ಗಟ್ಟಿ ರಬ್ಬರಿನ ತುಂಡು ಕೂರಿಸಿ, ಸವೆದರೆ ಬದಲಿಸುವ ಹಾಗೆ ಮಾಡಬಹುದಾ ಅಂತ ಹೊಲಿಯುವವರ ಹತ್ತಿರ ಕೇಳಿದ್ದೇನೆ. ಶೂ ಬಿಟ್ಟು ಹೋಗು, ನೋಡುವಾ ಅಂದಿದ್ದಾರೆ. ಬಲಗಾಲಿನದ್ದು ಸದ್ಯ ಅವರ ಅಂಗಡಿಯಲ್ಲೇ ಇದೆ.