ತಟ್ಟೆ ಪಕ್ಕದ ಕಾಗದ

ಲೈಸೆನ್ಸ್ ಕೊಡುವ ಇಲಾಖೆ ಡಿಎಂವಿಯಿಂದ ಬಂದ ಕಾಗದವನ್ನು ಮಗ ಎರಡು ದಿನ ಬ್ಯಾಗಲ್ಲೇ ಇಟ್ಟುಕೊಂಡಿದ್ದ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನನ್ನ ತಟ್ಟೆ ಪಕ್ಕ ತಂದಿಟ್ಟ. ಮಡಚಿ ಮಡಚಿ ಅದರ ಗೆರೆಗಳೇ ಹರಿಯೋಕೆ ಬಂದಿದ್ದವು. ಅನ್ನ ಕಲಸುತ್ತಿದ್ದ ಕೈ ಹಾಗೇ ನಿಂತಿತು.

ಅವನಿಗೆ 17. ಲೈಸೆನ್ಸ್ ಸಿಕ್ಕಿ ಎಂಟು ತಿಂಗಳಷ್ಟೇ. ಪೊಲೀಸರು ಕೊಟ್ಟ ಮೊದಲ ದಂಡದ ಟಿಕೆಟ್ ಸ್ಪೀಡಿಗೆ, ಎರಡನೆಯದು ಸ್ಟಾಪ್ ಸೈನಲ್ಲಿ ಪೂರ್ತಿ ನಿಲ್ಲಿಸದೆ ಹೋಗಿದ್ದಕ್ಕೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 18 ತುಂಬದವರಿಗೆ 12 ತಿಂಗಳಲ್ಲಿ 2 ಪಾಯಿಂಟ್ (ಇಂಥ ಒಂದೊಂದು ತಪ್ಪಿಗೆ ಒಂದು) ಆದರೆ 30 ದಿನ ಒಬ್ಬರೇ ಓಡಿಸುವಂತಿಲ್ಲ. ಲೈಸೆನ್ಸ್ ಇರುವ, 25 ತುಂಬಿದ ದೊಡ್ಡವರು ಜೊತೆಗಿರಬೇಕು. 3 ಆದರೆ ಲೈಸೆನ್ಸೇ 6 ತಿಂಗಳು ಅಮಾನತು, ಮೇಲೆ ಒಂದು ವರ್ಷ ಪ್ರೊಬೇಷನ್. ಇನ್ನೊಂದು ತಪ್ಪು ಸಾಕು.

ಬೈಗುಳ ಬಾಯಿವರೆಗೂ ಬಂತು. ನುಂಗಿಕೊಂಡೆ.

ಇವತ್ತು ಬೆಳಿಗ್ಗೆ ಪಕ್ಕದ ಸೀಟಲ್ಲಿ ಕೂತೆ. ನಮ್ಮ ಬೀದಿ ಕೊನೆಯ ಸ್ಟಾಪ್ ಸೈನ್ ಹತ್ತಿರ ಪೂರ್ತಿ ನಿಲ್ಲಿಸಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ. ಸ್ಟೀರಿಂಗ್ ಹಿಡಿದ ಬೆರಳ ಗಿಣ್ಣು ಬೆಳ್ಳಗಾಗಿತ್ತು. ಇದೇ ತಿರುವಿನಲ್ಲಿ ಯಾರೂ ಇಲ್ಲ ಅಂತ ನಾನು ಎಷ್ಟು ಸಲ ಸುಮ್ನೆ ಉರುಳಿಸಿಕೊಂಡು ಹೋಗಿದ್ದೇನೆ! ಹಿಂದಿನ ಸೀಟಲ್ಲಿ ಕೂತು ಅದನ್ನು ನೋಡುತ್ತಲೇ ಬೆಳೆದವನು ಅವನು, ಅಲ್ವಾ? ನಾನು ಪೊಲೀಸರ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಅದನ್ನೇ ಅವನಿಗೆ ಹೇಳಿದೆ. "ಗೊತ್ತಮ್ಮ" ಅಂದ. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಇನ್ನು 29 ದಿನ ಇದೆ.