ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕಾಟ

ವಿಜಯಪುರದ ಗಾಂಧಿ ಚೌಕದ ಹತ್ತಿರ ಅಗ್ಗಕ್ಕೆ ಸಿಕ್ಕಿತು ಅಂತ 8 ಜಿಬಿಯ ಹಳೇ ಡಿಡಿಆರ್4 ರ‍್ಯಾಮ್ ತಂದು ಹಾಕಿದೆ. ಎರಡೇ ದಿನ. ಆಮೇಲೆ ಫೈಲ್ ಕಾಪಿ ಮಾಡುವಾಗ, ಒಮ್ಮೊಮ್ಮೆ ಸುಮ್ನೆ ಇದ್ದಾಗಲೂ ನೀಲಿ ಪರದೆ ಬಂದು ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ಮೊದಲು ವಿಂಡೋಸಿಗೆ ಬೈದೆ, ಆಮೇಲೆ ನಮ್ಮೂರ ಬಿಸಿಲಿಗೆ. ವಿಂಡೋಸ್ ಮತ್ತೆ ಹಾಕಲು ಹೋದರೆ ಅದೂ ಅರ್ಧಕ್ಕೇ ನಿಂತಿತು. ಆಗ ಅನುಮಾನ ಬಂತು.

ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿಯೆಲ್ಲ ಬಿಟ್ಟೆ. ಬೆಳಗ್ಗೆ ಚಹಾ ಹಿಡಿದು ಬಂದು ನೋಡಿದರೆ ಪರದೆ ತುಂಬ ಎರರ್. ಒಂದೇ ಬಂದರೂ ಆ ರ‍್ಯಾಮ್ ನಂಬೋ ಹಾಗಿಲ್ಲ. ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಒಂದೊಂದೇ ಸ್ಟಿಕ್ ಹಾಕಿ, ಸ್ಲಾಟ್ ಬದಲಿಸಿ ನೋಡಿದೆ. ನನ್ನ ಮೊದಲಿನದು ಎರಡೂ ಕಡೆ ಸಾಫ್, ತಂದದ್ದು ಎಲ್ಲಿ ಹಾಕಿದರೂ ಎರರ್.

ಅಂಗಡಿಯವರು? "ಇಲ್ಲಿಂದ ಹೋಗುವಾಗ ಚಲೋನ ಇತ್ರೀ ಸರ."